ಕುರಿ ಮೂಸಿ ಬಿಟ್ಟ ಎಲೆ

ಚಳ್ಳಕೆರೆಯ ನಮ್ಮ ಮನೆಯ ಹಿತ್ತಲಲ್ಲಿ, ಪಾತ್ರೆ ತೊಳೆದ ನೀರು ಹರಿಯುವ ಕಡೆ, ನಾನು ನೆಡದ ಗಿಡವೊಂದು ಮೊಣಕಾಲೆತ್ತರ ಬೆಳೆದಿದೆ. ಮೊಬೈಲಿನಲ್ಲಿ ಫೋಟೊ ತೆಗೆದು ಕೇಳಿದರೆ ಮೂರು ಸಲಕ್ಕೆ ಮೂರು ಹೆಸರು ಹೇಳಿತು. ಬೇಜಾರಾಗಿ ಒಂದು ಎಲೆ ಕಿತ್ತು ಹಿಸುಕಿದೆ. ಘಾಟೂ ಅಲ್ಲದ, ಕಂಪೂ ಅಲ್ಲದ ಒಂದು ಹಸಿ ವಾಸನೆ... ಪರಶುರಾಂಪುರದ ಅಜ್ಜ ನೆನಪಾದರು.

ಆಗ ನಾನು ಅಲ್ಲಿನ ಶಾಲೆಯಲ್ಲಿ ವಿಜ್ಞಾನದ ಟೀಚರು. ಪಕ್ಕದ ಮನೆಯ ಅಜ್ಜ ಕುರಿ ಸಾಕಿದ್ದರು. ಬೋರ್ಡಿನ ಮೇಲೆ ಬೇರು, ಕಾಂಡ, ಎಲೆ ಎಂದು ಜೋರಾಗಿ ಪಾಠ ಮಾಡುವ ನಾನು, ಹಿತ್ತಲಲ್ಲಿ ಏನು ಹುಟ್ಟಿದರೂ ಅವರನ್ನೇ ಕರೆಯಬೇಕಿತ್ತು. ಅವರು ಹೆಸರು ಹೇಳುತ್ತಿದ್ದುದು ಅಪರೂಪ. "ಇದು ಆಡು ತಿಂತೈತೆ, ಕುರಿ ತಿನ್ನಲ್ಲ" ಎಂದರೆ ಗಿಡದ ಪರಿಚಯ ಮುಗಿಯಿತು.

ಒಂದು ಮಧ್ಯಾಹ್ನ ಒಂದೂವರೆ ವರ್ಷದ ನನ್ನ ಮಗಳು ಹಿತ್ತಲಲ್ಲಿ ಯಾವುದೋ ಗಿಡದ ಎಲೆ ಜಗಿಯುತ್ತ ಕೂತಿದ್ದಳು. ಬೆರಳು ಹಾಕಿ ತೆಗೆಯುವಷ್ಟರಲ್ಲಿ ಅರ್ಧ ನುಂಗಿಯಾಗಿತ್ತು; ನನ್ನ ಬೆರಳಿಗೆ ಘಾಟೂ ಕಂಪೂ ಅಲ್ಲದ ಇದೇ ಹಸಿ ವಾಸನೆ ಅಂಟಿತ್ತು. ಚಳ್ಳಕೆರೆಯ ಆಸ್ಪತ್ರೆಗೆ ಹೋಗಲು ಬಸ್ಸು ಬರುವುದು ಇನ್ನೂ ಒಂದು ಗಂಟೆಯ ಮೇಲೆ. ನನ್ನ ಅಳು ಕೇಳಿ ಅಜ್ಜ ಓಡಿ ಬಂದರು. ಎಲೆಯನ್ನು ತಿರುಗಿಸಿ ನೋಡಿದರು, ಮೂಸಿದರು. ಮನೆ ಮುಂದೆ ಕಟ್ಟಿದ್ದ ಕುರಿಯನ್ನು ಬಿಚ್ಚಿ ತಂದು ಅದರ ಬಾಯಿಗೆ ಹಿಡಿದರು. ಕುರಿ ಮೂಸಿ ಮುಖ ತಿರುಗಿಸಿತು. ನಾನು ಮಗಳನ್ನು ಎದೆಗೆ ಅವಚಿಕೊಂಡೆ.

"ಹೊಟ್ಟೆ ತುಂಬೈತೆ ಇದಕ್ಕೆ," ಎಂದವರೇ ಆ ಎಲೆಯನ್ನು ತಾವೇ ಬಾಯಿಗೆ ಹಾಕಿಕೊಂಡರು. ಇನ್ನೆರಡು ಕಿತ್ತು ಅವನ್ನೂ ಜಗಿದರು. "ಏನಾಗಲ್ಲ ಟೀಚರಮ್ಮ. ಒಂಚೂರು ಉಪ್ಪಿದ್ರೆ ಇನ್ನೂ ಚೆನ್ನಾಗಿರೋದು."

ಅಂಥ ಹೊತ್ತಿನಲ್ಲೂ ನಗು ಬಂತು. ಅಜ್ಜ ಬಸ್ಸಿನಲ್ಲಿ ನಮ್ಮ ಜೊತೆಗೇ ಬಂದರು. ಮಗಳು ದಾರಿಯುದ್ದಕ್ಕೂ ಅವರ ಕಂಬಳಿ ಎಳೆದು ಆಡಿದಳು. ಡಾಕ್ಟರು ಸಂಜೆಯವರೆಗೆ ಇಟ್ಟುಕೊಂಡು ನೋಡಿ, ಏನೂ ಇಲ್ಲ ಎಂದು ಕಳಿಸಿದರು.

ವರ್ಗವಾಗಿ ಊರು ಬಿಡುವ ದಿನ, ಸಾಮಾನು ಲಾರಿಗೆ ಏರುತ್ತಿದ್ದಾಗ ಕೇಳಿದೆ: "ಅಜ್ಜ, ಅವತ್ತಿನ ಆ ಗಿಡದ ಹೆಸರೇನು?"

"ನಂಗೇನ್ ಗೊತ್ತವ್ವ! ಅವತ್ತೇ ಮೊದ್ಲು ನೋಡಿದ್ದು." ಲಾರಿಯ ಕಡೆ ನೋಡುತ್ತ ಹೇಳಿದರು, "ಕುರಿ ಹೊಟ್ಟೇನೂ ತುಂಬಿರ್ಲಿಲ್ಲ ಬಿಡು."

"ಮತ್ಯಾಕೆ ತಿಂದ್ರಿ?"

"ನಿನ್ ಮಗಳೊಬ್ಳೇ ತಿಂದಂಗಾಗ್ಬಾರ್ದಲ್ಲ. ಅದಕ್ಕೆ ನಾನೂ ತಿಂದೆ."

ಅಜ್ಜ ಈಗ ಇಲ್ಲ. ಅವರು ಹೋದದ್ದು ನನಗೆ ತಿಳಿದಾಗ ತಿಂಗಳುಗಳೇ ಕಳೆದಿದ್ದವು. ಕೊನೆಗೊಮ್ಮೆ ಮುಖ ನೋಡಲಾಗಲಿಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ... ಮೊಬೈಲು ಹೇಳಿದ ಮೂರರಲ್ಲಿ ಯಾವುದು ಸರಿ ಎಂದು ಕೇಳಲು ಅವರಿಲ್ಲ, ಇದ್ದಿದ್ದರೂ ಹೇಳುತ್ತಿರಲಿಲ್ಲ. ಆದರೂ ಬೆರಳಿಗೆ ಅಂಟಿದ ಆ ವಾಸನೆ ಮೂಸುತ್ತ, ಹಿತ್ತಲಲ್ಲಿ ಎಲೆ ಹಿಸುಕಿದ ದಿನವೆಲ್ಲ ನೆಮ್ಮದಿಯಾಗಿದ್ದೆ. ನನ್ನ ಹೆದರಿಕೆಯಲ್ಲಿ ಅರ್ಧವನ್ನು ಜಗಿದು ನುಂಗಿದ ಮನುಷ್ಯನ ಪಕ್ಕದ ಮನೆಯಲ್ಲಿ ನಾನು ನಾಲ್ಕು ವರ್ಷ ಬಾಳಿದ್ದೇನೆ.