ಕೆಂಪು ತಪ್ಪಿಸಿಕೊಂಡ ಕಣ್ಣು

ಬ್ಯಾಡಗಿಯಲ್ಲಿ ಸಂಸಾರ ಮಾಡುವವಳು ಗಂಡನ ಮೂಗನ್ನಾದರೂ ಆಡಿಕೊಳ್ಳಬಹುದು, ಅವನು ಆರಿಸಿ ತಂದ ಮೆಣಸಿನಕಾಯಿಯ ಬಣ್ಣವನ್ನಲ್ಲ. ನಾನು ಆಡಿಕೊಂಡೆ. ವರ್ಷದ ಖಾರಪುಡಿಗೆಂದು ನಮ್ಮವರು ತಂದು ಹರವಿದ ಕಾಯಿ ನನಗೆ ಹಳೆಯ ಇಟ್ಟಿಗೆಯ ಹಾಗೆ ಕಂಡಿತ್ತು.

"ಇದೇನ್ರೀ, ಹೋದ ವರ್ಷದ್ದು ತಂದೀರಿ?"

ಮಾರುಕಟ್ಟೆಯಲ್ಲಿ ಕಾಯಿಯ ಬಣ್ಣ ನೋಡಿ ದರ್ಜೆ ಹೇಳುವುದೇ ಕಸುಬಾದ ಮನುಷ್ಯ ಉಣ್ಣುವುದನ್ನು ಬಿಟ್ಟು ಎದ್ದರು. "ಹೊಸಾ ಕಾಯಿ ಐತಿ. ಮೊದಲ ನಿನ್ನ ಕಣ್ಣು ತೋರಿಸ್ಕೊ ಹೋಗು!"

ಸಿಟ್ಟಿನ ಮಾತೇ ಖರೇ ಆಯಿತು ನೋಡಿ. ಎಡಗಣ್ಣು ಮುಚ್ಚಿದರೆ ಕಾಯಿ ಧಗಧಗ, ಬಲಗಣ್ಣು ಮುಚ್ಚಿದರೆ ಬರೀ ಇಟ್ಟಿಗೆ!

ಹಾವೇರಿಯ ಕಣ್ಣಿನ ಡಾಕ್ಟರು ನರದ ಡಾಕ್ಟರ ಬಳಿಗೆ ಕಳಿಸಿದರು. ಕಣ್ಣಿನಿಂದ ಮಿದುಳಿಗೆ ಹೋಗುವ ನರಕ್ಕೆ ವೈರಿನ ಮೇಲಿನ ಪ್ಲಾಸ್ಟಿಕ್ಕಿನಂತೆ ಮೈಲಿನ್ ಎಂಬ ಹೊದಿಕೆಯಿದೆಯಂತೆ. ರೋಗ ಬಾರದಂತೆ ಕಾಯಬೇಕಾದ ನನ್ನ ದೇಹದ ಕಾವಲು ಪಡೆಯೇ ಅದನ್ನು ಮುಕ್ಕುತ್ತಿತ್ತು. ಕೆಂಪು ಮರಳಬಹುದು, ಮಾಸಿಯೇ ಉಳಿಯಲೂಬಹುದು ಎಂದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಪಕ್ಕದಲ್ಲಿ ಕೂತವಳು ರಾಣೆಬೆನ್ನೂರಿನ ನನ್ನ ತಂಗಿಯ ಮಗಳು. ಅವಳು ಪ್ರಯೋಗಾಲಯದಲ್ಲಿ ಇಲಿಗಳ ಜೊತೆ ಕೆಲಸ ಮಾಡುವವಳು.

"ದೊಡ್ಡವ್ವ, ನಿನ್ನಂಥಾ ಬ್ಯಾನಿ ಇಲಿಗೂ ತರಿಸಾಕ ಮೈಲಿನ್ ಪ್ರೋಟೀನಿನ ಒಂದು ಚೂರನ್ನ, ಕಾವಲು ಪಡೆ ಕೆರಳಿಸೋ ಮದ್ದಿನ ಜೋಡಿ ಇಲಿಗೆ ಚುಚ್ತೀವಿ. ಆ ಪಡೆ ಚೂರನ್ನ ವೈರಿ ಅಂತ ತಿಳ್ಕೊಂಡು ಇಲಿದ ಸ್ವಂತ ಮಿದುಳಿನ ಮ್ಯಾಲ ಬೀಳ್ತೈತಿ. ಮೊದಲ ಬಾಲ ಜೋತು ಬೀಳ್ತೈತಿ ನೋಡು. ಆಮ್ಯಾಲ ಯಾವ ಔಷಧ ನಾಟತೈತಿ ಅಂತ ನೋಡ್ತೀವಿ."

ಔಷಧಿಯ ಅಮಲೋ ಏನೋ, ನನಗೆ ನಗು ಉಕ್ಕಿ ಬಂತು. ಜೀವಮಾನವಿಡೀ ಕಸಬರಿಗೆ ಹಿಡಿದು ಇಲಿ ಅಟ್ಟಿಸಿಕೊಂಡು ಓಡಿದವಳು, ಕೊನೆಗೆ ಇಲಿಗೇ ಬೀಗಿತ್ತಿಯಾದೆನಲ್ಲ! ನಗುತ್ತ ನಗುತ್ತಲೇ ಆ ಇಲಿಯ ಪಾಡು ನೆನಪಾಯಿತು. ನನ್ನ ಬೇನೆ ತಾನಾಗಿ ಬಂದದ್ದು; ಆ ಪಾಪದ ಪ್ರಾಣಿಗೆ ಸೂಜಿಯಲ್ಲಿ ತುಂಬಿ ಕೊಟ್ಟದ್ದು. ಎಲ್ಲೋ ಬಾಲ ಜೋತು ಕೂತಿರುವ ಆ ಪುಟ್ಟ ಜೀವಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಮನೆಗೆ ಬಂದ ಮೇಲೆ ನಮ್ಮವರಿಗೆ ಬೆಳಿಗ್ಗೆ ಒಂದೇ ಪೂಜೆ. ನನ್ನ ಬಲಗಣ್ಣು ಮುಚ್ಚಿಸಿ, ಎರಡು ಕಾಯಿ ಎದುರಿಗೆ ಹಿಡಿದು, "ಹೊಸಾದು ಯಾವುದು, ಹೇಳು" ಎನ್ನುವರು. ನನಗೆ ಎರಡೂ ಇಟ್ಟಿಗೆಯೇ. "ಇರ್ಲಿ, ನಾಳೆ ನೋಡೋಣು" ಎಂದು ಮೋರೆ ಸಣ್ಣ ಮಾಡಿಕೊಂಡು ಕೆಲಸಕ್ಕೆ ಹೋಗುವರು.

ಒಂದು ಬೆಳಿಗ್ಗೆ, ಬಾಯ್ತುಂಬ ಅವಲಕ್ಕಿ ಇಟ್ಟುಕೊಂಡು, ಬಲಗಣ್ಣು ಮುಚ್ಚಿ ನೋಡುತ್ತೇನೆ, ಅವರ ಎಡಗೈಯ ಕಾಯಿ ಕೆಂಪಗೆ, ಕೆಂಪೆಂದರೆ ಕೆಂಪಗೆ ಕೂತಿದೆ!

"ಎಡಗೈಯಾಗಿಂದು ಹೊಸಾದು! ಬಲಗೈಯಾಗಿಂದು ಮಾಸೇತ್ರಿ, ಒಗೀರಿ ಅತ್ಲಾಗ!"

ಊರಿಗೆಲ್ಲ ದರ್ಜೆ ಹೇಳುವ ಮನುಷ್ಯ ಎರಡೂ ಕಾಯಿ ಕೈಬಿಟ್ಟು ಗೊಳೋ ಎಂದು ಅತ್ತರು, ನಕ್ಕರು, ಆ ಕೈಯಿಂದಲೇ ಕಣ್ಣೊರೆಸಿಕೊಂಡರು. ಖಾರ ಕಡಿಮೆ ಎಂದು ಹೆಸರಾದ ಕಾಯಿಯೂ ಕಣ್ಣಿಗೆ ತಾಗಿದರೆ ಸುಮ್ಮನೆ ಬಿಟ್ಟೀತೇ? "ನೀರು, ಲಗೂ ನೀರು!" ಎಂದು ಅವರು ಕುಣಿಯುತ್ತಿದ್ದರೆ ನಾನು ತಂಬಿಗೆ ಹಿಡಿದು ನಿಂತೇ ಬಿಟ್ಟೆ. ಅವರ ಕಣ್ಣು ಎಷ್ಟು ಕೆಂಪಗಾಗಿವೆ ಎಂದು ನನ್ನ ಎಡಗಣ್ಣಿನಿಂದ ಕಣ್ತುಂಬ ನೋಡುತ್ತಿದ್ದೆ.