ಮನ್ಯಾಗೇ ಇರತೀನ್ರಿ

ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಪಾಪವಂತೆ. ಇರಲಿ, ಆ ಪಾಪ ನನ್ನ ತಲೆಯ ಮೇಲಿದೆ, ಮುಚ್ಚಿಟ್ಟು ಏನು ಮಾಡಲಿ?

ಇಬ್ಬರೂ ಸರಕಾರದ ಯೋಜನೆಯಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದೆವು. ನನ್ನ ಕೇಂದ್ರ ಗಡಿಯ ಮೈಂದರ್ಗಿಯಲ್ಲಿ, ಅವಳದು ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನ ಬಾಗಿಲಲ್ಲೇ. ಅನುದಾನ ಮೂರು ಕಂತು: ಹೆಸರು ಬರೆಸಿದಾಗ ಒಂದು, ಪರೀಕ್ಷೆ ಪಾಸಾದಾಗ ಇನ್ನೊಂದು, ಕಲಿತವರು ದುಡಿಮೆಗೆ ಹತ್ತಿದ ಮೇಲೆ ಮೂರನೆಯದು. ಎಷ್ಟು ಮಂದಿ ದುಡಿಯುತ್ತಿದ್ದಾರೆ ಎಂಬುದರ ಮೇಲೆಯೇ ಮುಂದಿನ ವರ್ಷದ ಬ್ಯಾಚೂ ನಿಂತಿತ್ತು. ಅವಳ ಹುಡುಗಿಯರು ಕೇಂದ್ರದ ಮೆಟ್ಟಿಲಿಳಿದು ಟವೆಲ್ ಕಾರ್ಖಾನೆಯ ಮೆಟ್ಟಿಲು ಹತ್ತುತ್ತಿದ್ದರು, ಪಗಾರದ ಚೀಟಿ ತಂದು ತೋರಿಸುತ್ತಿದ್ದರು. ನನ್ನವರು ಮನೆಯಲ್ಲೇ ಜಂಪರು, ಪರಕಾರ ಹೊಲಿದು ಗಳಿಸುವವರು. ಅವರಿಗೆ ಚೀಟಿ ಕೊಡುವವರು ಯಾರು? ಅಂಥವರನ್ನು ಕಚೇರಿಯವರು ಫೋನಿನಲ್ಲಿ ವಿಚಾರಿಸುತ್ತಿದ್ದರು.

ಅಲ್ಲೇ ಕೆಟ್ಟದ್ದು. ಏನು ಕೆಲಸ ಮಾಡುತ್ತೀರಿ ಎಂದು ಕಚೇರಿಯ ಮರಾಠಿಯಲ್ಲಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಕಾಹೀ ನಾಹೀ, ಘರೀಚ ಅಸತೇ." ಏನಿಲ್ರಿ, ಮನ್ಯಾಗೇ ಇರತೀನಿ. ಕಾಲಡಿ ಮಷೀನು ಗರಗರ ತಿರುಗುತ್ತಿರುವಾಗಲೇ ಹಾಗೆ ಹೇಳಿದವರಿದ್ದಾರೆ.

ನನ್ನ ಎರಡು ಬ್ಯಾಚಿನಲ್ಲಿ ಒಂದು ಹೋಯಿತು. ಹೋಗಿ ಸೇರಿದ್ದು ತಂಗಿಯ ಕೇಂದ್ರಕ್ಕೆ. ಇನ್ನೊಂದೂ ಹೋದರೆ ಬಾಗಿಲು ಮುಚ್ಚುವುದೇ.

"ಗಳಸ್ತೀನಿ ಅನ್ನಾಕ ಏನು ಧಾಡಿ ನಿಮಗ?" ಎಂದು ಹೆಂಗಸರ ಮೇಲೆ ಹರಿಹಾಯ್ದೆ.

"ಗಳಿಕಿಗೆ ದೃಷ್ಟಿ ಆಗತೈತ್ರಿ ಬಾಯಾರ," ಎಂದಳು ಒಬ್ಬಳು, ಸೂಜಿಗೆ ದಾರ ಪೋಣಿಸುತ್ತ.

ಹಿಂದಿನ ವರ್ಷ ನಾನು ತಂಗಿಯ ಕೇಂದ್ರದಲ್ಲಿ ಕರೆಂಟ್ ಮಷೀನು ಕಲಿತಿದ್ದೆ. ಹಾಗಾಗಿ ಅವಳ ಯಾದಿಯಲ್ಲಿ ನನ್ನ ಹೆಸರೂ ಇತ್ತು. ಒಂದು ಮಧ್ಯಾಹ್ನ ನನಗೇ ಫೋನು ಬಂತು. ತರಬೇತಿಯಾದ ಮೇಲೆ ಏನು ಮಾಡುತ್ತಿದ್ದೀರಿ? ಎದುರಿಗೆ ಹದಿನಾಲ್ಕು ಮಷೀನು ಓಡುತ್ತಿದ್ದವು. ನಾನು ಹೊರಗೆ ಬಂದು ನಿಂತು ಹೇಳಿದೆ: "ಕಾಹೀ ನಾಹೀ, ಘರೀಚ ಅಸತೇ."

ಬಾಯಿ ತಪ್ಪಿ ಬಂದ ಮಾತಲ್ಲ. ಅವಳ ಯಾದಿಯಲ್ಲಿ ಒಂದಾದರೂ ಕಡಿಮೆಯಾಗಲಿ ಎಂದೇ ಹೇಳಿದ್ದು. ಹೊಟ್ಟೆ ತಣ್ಣಗಾಯಿತು. ಸಂಜೆ ಎರಡು ಕಪ್ಪು ಚಹಾ ಕುಡಿದೆ.

ವಾರದ ಮೇಲೆ ತಂಗಿ ಫೋನು ಮಾಡಿದಳು, ನಗುತ್ತಲೇ.

"ಅಕ್ಕಾ, ನನ್ನ ಯಾದ್ಯಾಗ ನಿನ್ನದೊಂದೇ ಹೆಸರು ಕೆಲಸಿಲ್ಲ ಅಂತ ಬಿದ್ದೈತಿ ನೋಡು. ನೀನೂ ನಿನ್ನ ಹೆಣ್ಮಕ್ಕಳಂಗ ನಾಚಿಕೊಂಡೇನ? ಆಮ್ಯಾಲ ನಂಗ ಹೊಳೀತು. ಕಚೇರಿ ಸಾಹೇಬ್ರ ಕಡಿ ಹೋಗಿ ಹೇಳೀನಿ, ನಮ್ಮಕ್ಕ ಸ್ವತಃ ಕೇಂದ್ರ ನಡಸ್ತಾಳ, ಆಕೀನ ಹಿಂಗ ಅಂದ್ರ ಉಳದವರ ಗತಿ ಏನ್ರಿ? ನಮ್ಮ ಕಡಿ ಹೆಣ್ಮಕ್ಕಳು ಗಳಿಕಿ ಬಾಯಿಬಿಟ್ಟು ಹೇಳಂಗಿಲ್ಲ, ಮೈಂದರ್ಗಿಗೆ ಹೋಗಿ ಮನಿಮನಿ ನೋಡಿ ಬರ್ರಿ ಅಂತ. ಸೋಮವಾರ ಬರ್ತಾರ. ನಿನ್ನ ಬ್ಯಾಚ್ ಉಳೀತು ತಗೋ."

ನಾನು ಫೋನು ಹಿಡಿದುಕೊಂಡೇ ಹೊರಗೆ ಬಂದೆ.

"ಅಷ್ಟ್ಯಾಕ ನಾಚಿಕಿ ಬಂತ ನಿನಗ?" ಎಂದಳು.

"ಬಂತವಾ," ಎಂದೆ. ಸುಳ್ಳಲ್ಲ. ಆದರೆ ಬಂದದ್ದು ಆಗ ಮಾತ್ರ, ಅವಳ ಮಾತು ಕೇಳಿದ ಮೇಲೆ.