ಹಿಂದೆ ನಿಂತು ಮುಂದೆ ಕೂಗುವ ರ

ನಮ್ಮ ಶಾಲೆಯಲ್ಲಿ ಅವರನ್ನು ಗುಡುಗು ಟೀಚರ್ ಎನ್ನುತ್ತಾರೆ. ಎರಡನೇ ಕ್ಲಾಸು ಅವರದು. ಪಕ್ಕದ ಕೋಣೆಯಲ್ಲಿ ಲೆಕ್ಕ ಹೇಳಿಕೊಡುವ ನನಗೆ ನನ್ನ ಮಗ್ಗಿಗಿಂತ ಅವರ ಕಾಗುಣಿತವೇ ಜೋರಾಗಿ ಕೇಳಿಸುತ್ತದೆ. ತಿರುಗದ ಫ್ಯಾನು, ಮೂಡದ ಚಾಕ್‌ಪೀಸು, ಸೋರುವ ನಲ್ಲಿ, ಎಲ್ಲದರ ಮೇಲೂ ಹರಿಹಾಯುತ್ತಾರೆ. ಮಕ್ಕಳ ಮೇಲೆ ಮಾತ್ರ ಇಲ್ಲ. "ಅವರೇನು ಅರ್ಜಿ ಹಾಕ್ಕೊಂಡು ಬಂದ್ರಾ ಇಲ್ಲಿಗೆ?" ಎನ್ನುತ್ತಾರೆ.

ವರ್ಷದ ನಡುವೆ ಇಸ್ತ್ರಿ ಅಂಗಡಿಯವನ ಮಗಳು ಅವರ ಕ್ಲಾಸಿಗೆ ಬಂದು ಸೇರಿದಳು. ಅಕ್ಕ, ಅಜ್ಜ, ಹಣ್ಣು, ಬೆಲ್ಲ ಎಲ್ಲ ನೀರು ಕುಡಿದಂತೆ ಓದುತ್ತಿದ್ದಳು. 'ಸೂರ್ಯ' ಬಂದಾಗ ಮಾತ್ರ "ಸೂಯರ" ಎಂದಳು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮಕ್ಕಳು ನಕ್ಕರೆ ನಕ್ಕಾವು. ತಪಾಸಣೆಗೆಂದು ಬಂದು ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರೂ ಗಹಗಹಿಸಿ ನಕ್ಕರಲ್ಲ, ಗೋಡೆಯಾಚೆಯಿಂದ ಕೇಳಿಸಿಕೊಂಡ ನನಗೆ ಮೈ ಉರಿಯಿತು.

"ಇವಳನ್ನ ಒಂದನೇ ಕ್ಲಾಸಿಗೆ ವಾಪಸ್ ಕಳಿಸ್ಬೇಕಾಗುತ್ತೆ ಟೀಚರ್. ಶುಕ್ರವಾರ ನಾನೇ ಒಂದು ಸಲ ಓದಿಸಿ ನೋಡ್ತೀನಿ, ಆಮೇಲೆ ನನ್ನನ್ನ ಅನ್ಬೇಡಿ" ಎಂದು ಹೇಳಿ ಹೆಡ್‌ಮಾಸ್ಟರು ಹೊರಟರು.

ಸ್ಟಾಫ್ ರೂಮಿನಲ್ಲಿ ಗುಡುಗು ಟೀಚರ್ ಊಟದ ಡಬ್ಬಿಯನ್ನು ತೆರೆಯಲೇ ಇಲ್ಲ. "ಎಡದಿಂದ ಬಲಕ್ಕೆ ಓದು ಅಂದೋರು ನಾವೇ. ಅವಳು ಹಾಗೇ ಓದಿದ್ಳು. ಅರ್ಕಾವತ್ತು ಒಂದು ಮಾತ್ರ ಹಿಂದೆ ನಿಂತು ಮುಂದೆ ಕೂಗುತ್ತೆ ಅಂತ ಆ ಮಗೂಗೆ ಯಾರು ಹೇಳಿದ್ರು? ಹೇಳಿಕೊಡದೆ ದಡ್ಡಿ ಅನ್ನೋಕೆ ನಾಚಿಕೆ ಆಗ್ಬೇಡ್ವಾ?"

ಆಗಬೇಕಿತ್ತು. ಆಗಬೇಕಾದವರಿಗೆ ಆಗಿರಲಿಲ್ಲ, ಅಷ್ಟೆ.

ಅಂದು ಸಂಜೆ ಗುಡುಗು ಟೀಚರ್ ಜಗಲಿಯಲ್ಲಿ ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಮೊದಲನೆಯವಳ ಸ್ಲೇಟಿನಲ್ಲಿ 'ಸೂ', ಎರಡನೆಯವನದರಲ್ಲಿ 'ಯ'. ಕೊನೆಯಲ್ಲಿ ಇಸ್ತ್ರಿ ಅಂಗಡಿಯವನ ಮಗಳು, ಕುಡುಗೋಲಿನಂತೆ ಬಾಗಿದ ಅರ್ಕಾವತ್ತನ್ನು ಹಿಡಿದುಕೊಂಡು.

"ನೀನು ನಿಲ್ಲೋದು ಹಿಂದೆ. ಆದ್ರೆ ಯ ಬಾಯಿ ತೆಗೆಯೋಕೆ ಮುಂಚೆ ನೀನು ರ್ ಅನ್ನಬೇಕು."

ಸೂ, ರ್, ಯ. ಎರಡು ಸಲ ಎಡವಿ ಮೂರನೇ ಸಲ ಸರಿಹೋಯಿತು. ಹುಡುಗಿ ಸ್ಲೇಟನ್ನು ದಿಟ್ಟಿಸಿ, "ಇವನು ನುಗ್ಗೋನು, ಟೀಚರ್" ಎಂದಳು. ಅಂದಿನಿಂದ ಆ ಕ್ಲಾಸಿನಲ್ಲಿ ಅರ್ಕಾವತ್ತಿಗೆ ಅದೇ ಹೆಸರು.

ಮಾರನೆಯ ದಿನ ಹೊಸ ಪೇಚಾಟ. ಎಲ್ಲೆಲ್ಲೂ ನುಗ್ಗೋನೇ ಕಾಣತೊಡಗಿ 'ಚಕ್ರ' ಹೋಗಿ "ಚರ್ಕ" ಆಯಿತು.

"ಇಲ್ಲಿ ಅವನು ಎಲ್ಲಿದಾನೆ ನೋಡು."

"ಕೆಳಗೆ ಕೂತಿದಾನೆ."

"ಕೂತೋನು ನುಗ್ತಾನಾ?"

"ಇಲ್ಲ. ಚಕ್ರ."

ಶುಕ್ರವಾರ ನಾನೂ ಏನೋ ನೆಪ ಮಾಡಿಕೊಂಡು ಗುಡುಗು ಟೀಚರ್ ಮತ್ತು ಹುಡುಗಿಯ ಹಿಂದೆಯೇ ಆಫೀಸಿಗೆ ಹೋದೆ. ಹೆಡ್‌ಮಾಸ್ಟರು ಫೋನಿನಲ್ಲಿದ್ದರು. ಕೈಸನ್ನೆಯಲ್ಲೇ ನಿಲ್ಲಲು ಹೇಳಿದರು. ಅವರ ಬೆನ್ನ ಹಿಂದಿನ ಕಪ್ಪು ಹಲಗೆಯ ಮೇಲೆ ದಪ್ಪಕ್ಷರದಲ್ಲಿ 'ಅನುತ್ತೀರ್ಣ' ಎಂದು ಬರೆದಿತ್ತು. ಅದರ ಕೆಳಗೆ ಹುಡುಗಿಯ ಹೆಸರು. ಮಗು ಇನ್ನೂ ಬಾಯಿ ಬಿಟ್ಟಿರಲಿಲ್ಲ, ಆಗಲೇ ತೀರ್ಪು ಬರೆದಿಟ್ಟಿದ್ದರು. ಯಾವ ಮುಖ ಇಟ್ಟುಕೊಂಡು ಬರೆದರೋ.

ಅವರು ಫೋನ್ ಇಟ್ಟು, ಓದಿಸಲು ಪುಸ್ತಕಕ್ಕಾಗಿ ಡ್ರಾಯರ್ ತಡಕಾಡತೊಡಗಿದರು. ಹುಡುಗಿಯ ಕಣ್ಣು ಹಲಗೆಯ ಮೇಲಿತ್ತು. ಬೆರಳು ಗಾಳಿಯಲ್ಲೇ ಅಕ್ಷರದಿಂದ ಅಕ್ಷರಕ್ಕೆ ಸರಿಯುತ್ತಿತ್ತು.

"ಅ, ನು, ತ್ತೀ..." ನಿಂತಳು. ನುಗ್ಗೋನನ್ನು ಕಂಡಳು. "ಅನುತ್ತೀರ್ಣ."

ತಡಕಾಡುತ್ತಿದ್ದ ಕೈ ನಿಂತಿತು.

"ಹಾಗಂದ್ರೇನು ಟೀಚರ್?"

"ಓದೋಕೆ ಬರಲ್ಲ ಅಂತ ಕಂದ" ಎಂದರು ಗುಡುಗು ಟೀಚರ್. ಅವರ ದನಿ ಅಷ್ಟು ತಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹುಡುಗಿ ಕೆಳಗಿದ್ದ ತನ್ನ ಹೆಸರನ್ನೂ ಓದಿಕೊಂಡಳು. ಹೆಡ್‌ಮಾಸ್ಟರರ ಕಡೆ ತಿರುಗಿದಳು.

"ನಾನು ಈಗ ಓದಿದ್ನಲ್ಲ ಸಾರ್?"

ಗುಡುಗು ಟೀಚರ್ ಡಸ್ಟರ್ ತೆಗೆದು ಹೆಡ್‌ಮಾಸ್ಟರರ ಮುಂದಿಟ್ಟರು.

"ಬರೆದೋರೇ ಅಳಿಸ್ಲಿ" ಎಂದರು.